ಹಳೇ ಜಿಪ್ಸಿ ಕೈಗೆ ಬಂದರೆ: ಮೊದಲು ರಿಪೇರಿ, ಆಮೇಲೆ ಅಲಂಕಾರ

ಮಾರುತಿ ಜಿಪ್ಸಿ 1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು 970 ಸಿಸಿಯ ಕಾರ್ಬುರೇಟರ್ ಎಂಜಿನ್, ಶಕ್ತಿ ಸುಮಾರು 45 ಅಶ್ವಶಕ್ತಿ. 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. 2000ದ ಸುಮಾರಿಗೆ 16 ವಾಲ್ವಿನ ಎಂಪಿಎಫ್‌ಐ ಎಂಜಿನ್ ಸೇರಿ ಶಕ್ತಿ 80ಕ್ಕೆ ಏರಿತು. ಈಗ ಉತ್ಪಾದನೆ ನಿಂತಿದೆ, ಆದರೆ ಗಾಡಿಗಳು ನಿಂತಿಲ್ಲ. ಸಕಲೇಶಪುರ, ಕೊಡಗಿನ ಕಡೆ ತೋಟದ ಮನೆಯಿಂದ ಟಾರ್ ರಸ್ತೆಗೆ ಬರೋಕೆ ಮಳೆಗಾಲದಲ್ಲಿ ಇಂಥ ಗಾಡಿಯೇ ದಿಕ್ಕು. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಂಬುಲೆನ್ಸೂ ಅದೇ.

ಹಾಗಾಗಿ ಹಳೇ ಜಿಪ್ಸಿಯ ರಿಪೇರಿ ಅಂದರೆ ಬರೀ ಶೋಕಿಯ ಮಾತಲ್ಲ. ಸಮಸ್ಯೆ ಏನೆಂದರೆ, ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡ ಬಹುಪಾಲು ಜನ ಮೊದಲು ದುಡ್ಡು ಸುರಿಯುವುದು ದಪ್ಪ ಟೈರು, ಲಿಫ್ಟ್ ಕಿಟ್, ಮುಂದಿನ ಕಬ್ಬಿಣದ ಬಂಪರಿಗೆ. ಬ್ರೇಕು, ಸ್ಟೀರಿಂಗು ಹಾಗೇ ಉಳಿಯುತ್ತವೆ. ಕೆಲಸ ಯಾವ ಕ್ರಮದಲ್ಲಿ ನಡೆಯಬೇಕು, ಯಾವುದನ್ನು ಮನೆಯಲ್ಲೇ ಮಾಡಬಹುದು, ಕಾನೂನು ಎಲ್ಲಿ ಅಡ್ಡ ಬರುತ್ತದೆ ಅನ್ನೋದನ್ನ ನೋಡೋಣ.

ಗಾಡಿಯ ಅಡಿಗೆ ಇಳಿಯುವ ಮುಂಚೆ

ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಲೇಬೇಡಿ. ಎರಡು ಜೊತೆ ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಕಟ್ಟೆ, ಸಮತಟ್ಟಾದ ಗಟ್ಟಿ ನೆಲ ಬೇಕು. ಟಾರ್ಕ್ ರೆಂಚ್ ಒಂದು ಇರಲಿ. ಜೊತೆಗೆ ಸರ್ವೀಸ್ ಮ್ಯಾನ್ಯುಯೆಲ್. ನಟ್ಟನ್ನು 'ಅಂದಾಜಿಗೆ' ಬಿಗಿಮಾಡುವ ಅಭ್ಯಾಸ ಬಾಗಿಲಿನ ಹಿಂಜಿಗೆ ನಡೆಯುತ್ತೆ, ಚಕ್ರದ ಬೇರಿಂಗಿಗೆ ನಡೆಯಲ್ಲ.

ಮೊದಲ ದಿನದ ಕೆಲಸ ತುಕ್ಕು ಹುಡುಕುವುದು. ಜಿಪ್ಸಿಗೆ ಬೇರೆಯದೇ ಚಾಸಿ ಇದೆ, ಬಾಡಿ ಅದರ ಮೇಲೆ ರಬ್ಬರ್ ಮೌಂಟುಗಳ ಮೂಲಕ ಕೂತಿರುತ್ತದೆ. ಆ ಮೌಂಟಿನ ಸುತ್ತ, ಸ್ಪ್ರಿಂಗ್ ಹ್ಯಾಂಗರಿನ ಬುಡ, ಕಾಲಿಡುವ ನೆಲ ಇವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಮಂದ ಶಬ್ದ ಬಂದರೆ ಬಣ್ಣದ ಕೆಳಗೆ ತಗಡು ತಿಂದುಹೋಗಿದೆ ಅಂತ ಅರ್ಥ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಎಚ್ಚರ. ನೆಲದ ತಗಡಿಗೆ ಪ್ಯಾಚ್ ಹಾಕಬಹುದು. ಚಾಸಿಯೇ ತೂತಾಗಿದ್ದರೆ ಅದು ಅನುಭವಿ ವೆಲ್ಡರಿನ ಕೆಲಸ.

ದ್ರವಗಳು, ಬೆಲ್ಟು, ಬ್ರೇಕು

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಎಂಬ ದಾಖಲೆ ಇಲ್ಲವೇ? ಹಾಗಾದರೆ ಬದಲಾಗಿಲ್ಲ ಅಂತಲೇ ತಿಳಿದು ಹೊಸದು ಹಾಕಿಸಿ. ಎಂಜಿನ್ ಆಯಿಲ್ ಜೊತೆಗೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದು ಮುಂದಿನ ಎರಡೂ ಡಿಫರೆನ್ಶಿಯಲ್‌ಗಳ ಎಣ್ಣೆಯನ್ನೂ ಬದಲಿಸಬೇಕು. ಹಳೇ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ನೀರು ಒಳಗೆ ಹೋಗಿದೆ.

ನೀರು ಹೋಗುವ ದಾರಿ ಸರಳ. ಓಡಿ ಬಿಸಿಯಾದ ಡಿಫರೆನ್ಶಿಯಲ್ ಹಳ್ಳದ ನೀರಿಗೆ ಇಳಿದ ತಕ್ಷಣ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಟ್ಟಿದ್ದರೆ ಅಲ್ಲಿಂದಲೋ ಸೀಲಿನ ಸಂದಿಯಿಂದಲೋ ನೀರು ಎಳೆದುಕೊಳ್ಳುತ್ತದೆ. ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಎಂಜಿನ್ ಕೋಣೆಯ ಎತ್ತರಕ್ಕೆ ತಂದು ಕಟ್ಟಿದರೆ ಮುಗಿಯಿತು. ಮಲೆನಾಡಿನ ಗಾಡಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಅಪ್‌ಗ್ರೇಡ್ ಸಿಗೋದು ಕಷ್ಟ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದಷ್ಟೂ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದರೆ ಪೈಪಿನಲ್ಲಿ ಆವಿ ಗುಳ್ಳೆ ಎದ್ದು ಪೆಡಲ್ ನೆಲಕ್ಕೆ ಹೋಗುವ ಅಪಾಯ ಇರೋದು ಇದೇ ಕಾರಣಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಬೇರೆ ಕೆಲಸ ಮನೆಯಲ್ಲಿ ಮಾಡಿದರೂ ಬ್ರೇಕಿನ ಕೆಲಸವನ್ನು ಮೊದಲ ಸಲ ತಿಳಿದವರ ಜೊತೆಗೇ ನಿಂತು ಮಾಡಿ.

ಸ್ಟೀರಿಂಗ್ ನಡುಕ: ಹುಡುಕುವ ಕ್ರಮ

ಒಂದು ವೇಗಕ್ಕೆ ಬಂದಾಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಅದುರೋದು ಹಳೇ ಜಿಪ್ಸಿಗಳ ದೊಡ್ಡ ದೂರು. ಸುಲಭದ ಪರಿಹಾರ ಅಂತ ಕೆಲವರು ಸ್ಟೀರಿಂಗ್ ಡ್ಯಾಂಪರ್ ಹಾಕಿಸಿಬಿಡುತ್ತಾರೆ. ಡ್ಯಾಂಪರ್ ರೋಗವನ್ನು ಮುಚ್ಚಿಡುತ್ತದೆ, ವಾಸಿ ಮಾಡಲ್ಲ.

ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ ಹೋಗಿ. ಮೊದಲು ಟೈರಿನ ಗಾಳಿ, ಬ್ಯಾಲೆನ್ಸಿಂಗ್. ಆಮೇಲೆ ಟೈ ರಾಡ್ ಎಂಡುಗಳು, ಚಕ್ರದ ಬೇರಿಂಗು, ಸ್ಪ್ರಿಂಗ್ ಬುಷ್. ಇವೆಲ್ಲ ಸರಿಯಿದ್ದರೆ ಕಿಂಗ್‌ಪಿನ್ ಬೇರಿಂಗ್ ನೋಡಿ. ಚಕ್ರ ಎತ್ತಿ, ಟೈರಿನ ಮೇಲೂ ಕೆಳಗೂ ಕೈಯಿಟ್ಟು ಅಲ್ಲಾಡಿಸುವಾಗ ಒಬ್ಬರು ಹಿಂದೆ ನಿಂತು ಗಮನಿಸಲಿ. ಅಲ್ಲಾಟ ಹಬ್ಬಿನಲ್ಲಿದೆಯೋ, ನಕಲಿನಲ್ಲಿದೆಯೋ ಅಂತ ಗೊತ್ತಾಗುತ್ತೆ. ನಕಲಿನ ಹಿಂದಿನ ದೊಡ್ಡ ಸೀಲ್ ಹರಿದು ಎಣ್ಣೆ ಜಿನುಗುತ್ತಿದ್ದರೆ ಬೇರಿಂಗಿಗೂ ಕೆಸರು ಹೋಗಿರುವ ಸಾಧ್ಯತೆ ಹೆಚ್ಚು. ಬೇರಿಂಗಿನ ಬಿಗಿಯನ್ನು ತೆಳು ಶಿಮ್‌ಗಳಿಂದ ಹೊಂದಿಸಬೇಕು. ಎಷ್ಟಿರಬೇಕು ಅನ್ನೋದು ಮ್ಯಾನ್ಯುಯೆಲ್‌ನಲ್ಲಿದೆ, ಅಳೆಯೋಕೆ ಸ್ಪ್ರಿಂಗ್ ತಕ್ಕಡಿ ಸಾಕು.

ಇನ್ನೊಂದು ಮಾತು. ಜಿಪ್ಸಿಯ ಫೋರ್ ವೀಲ್ ಡ್ರೈವ್‌ನಲ್ಲಿ ಮಧ್ಯದ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ದೂರ ಉರುಳುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಟಾರಿನಲ್ಲಿ ಆ ಒತ್ತಡವೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಟಾರ್ ರಸ್ತೆಗೆ ಬಂದ ಮೇಲೆ ಲಿವರ್ ಟೂ ವೀಲಿಗೆ ತನ್ನಿ.

ಟೈರು, ಲಿಫ್ಟು: ಲೆಕ್ಕ ಹಾಕಿ ನೋಡಿ

ಜಿಪ್ಸಿ ಕಿಂಗ್‌ನ 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ. ಜನ ಇಷ್ಟಪಟ್ಟು ಹಾಕಿಸುವ 235/75 ಆರ್15ರ ವ್ಯಾಸ ಸುಮಾರು 733 ಮಿ.ಮೀ. ವ್ಯಾಸ 65 ಮಿ.ಮೀ. ಹೆಚ್ಚಾದರೂ ನೆಲದಿಂದ ಸಿಗುವ ಎತ್ತರ ಅದರ ಅರ್ಧ, ಅಂದರೆ ಮೂರೂಕಾಲು ಸೆಂಟಿಮೀಟರ್ ಮಾತ್ರ. ಅದಕ್ಕೆ ಕೊಡುವ ಬೆಲೆ? ಗೇರಿಂಗ್ ಸುಮಾರು ಶೇ. 10ರಷ್ಟು ಎತ್ತರವಾಗುತ್ತದೆ, ಏರಿನಲ್ಲಿ ಗಾಡಿ ಉಸಿರು ಬಿಡುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು 66ರಲ್ಲಿ ಹೋಗುತ್ತಿರುತ್ತೀರಿ. ಅಷ್ಟೇ ಜೋರಾಗಿ ನಿಲ್ಲಿಸಲು ಬ್ರೇಕಿಗೂ ಶೇ. 10ರಷ್ಟು ಹೆಚ್ಚು ಬಲ ಬೇಕು.

ಲಿಫ್ಟಿನ ಕಥೆಯೂ ಹೀಗೇ. ಅಗ್ಗದ ದಾರಿ ಉದ್ದದ ಶ್ಯಾಕಲ್. ಮುಂದಿನ ಸ್ಪ್ರಿಂಗಿಗೆ ಉದ್ದದ ಶ್ಯಾಕಲ್ ಹಾಕಿದರೆ ಆಕ್ಸಲ್ ತುಸು ತಿರುಗಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವ ಗುಣ ಕುಂದುತ್ತದೆ. ಗಾಡಿ ಎತ್ತರವಾಯಿತು, ಆದರೆ ರಸ್ತೆಯ ಮೇಲೆ ಅಲೆದಾಡುವ ಗಾಡಿಯಾಯಿತು. ಎತ್ತರಿಸುವುದಕ್ಕಿಂತ ಕುಸಿದ ಪಟ್ಟಿಗಳನ್ನು ಬದಲಿಸಿ, ಹೊಸ ಬುಷ್, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿದರೆ ಕಳೆದುಹೋದ ಎತ್ತರ ವಾಪಸ್ ಬರುತ್ತದೆ, ಓಟವೂ ಸುಧಾರಿಸುತ್ತದೆ.

ಹೆಡ್‌ಲೈಟು ಮಂದ ಅಂತ 100/90 ವ್ಯಾಟ್ ಬಲ್ಬ್ ಹಾಕುವವರಿದ್ದಾರೆ. ಎರಡು 60 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆದರೆ, ಎರಡು 100 ವ್ಯಾಟಿನವು ಸುಮಾರು 17 ಎಳೆಯುತ್ತವೆ. ಹಳೇ ವೈರು, ಸ್ವಿಚ್ಚು ಕರಗುವುದು ಇದರಿಂದಲೇ. ಅಸಲಿಗೆ ಕೊರತೆ ಇರೋದು ಬಲ್ಬಿನಲ್ಲಲ್ಲ, ವೋಲ್ಟೇಜಿನಲ್ಲಿ. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ರಿಲೇ, ಫ್ಯೂಸ್ ಸಮೇತ ಹೊಸ ವೈರಿಂಗ್ ಎಳೆದು, ಮೂಲ ವ್ಯಾಟಿನ ಬಲ್ಬನ್ನೇ ಇಟ್ಟುಕೊಳ್ಳಿ. ಎದುರಿನವರ ಕಣ್ಣೂ ಉಳಿಯುತ್ತೆ.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಹೇಳಿದ, ಆರ್‌ಸಿಯಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮುಂದಿನ ಕಬ್ಬಿಣದ ಬುಲ್ ಬಾರ್ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯೋಕೂ ಇಂಥ ಬದಲಾವಣೆಯೇ ನೆಪ. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಒಪ್ಪಿಗೆ ಬೇಕೇ ಬೇಕು.

15 ವರ್ಷ ದಾಟಿದ ಮೇಲೆ ಗಾಡಿ ತಪಾಸಣೆಗೆ ಹೋಗಬೇಕು, ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಲಘು ವಾಹನಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಒಂದು ಕಡೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕಿ'ನ ಪೋರ್ಟಲ್ ತೆರೆದು ಅದರಲ್ಲಿ ವಾಹನಗಳನ್ನೂ ಸೇರಿಸುತ್ತದೆ. ಇನ್ನೊಂದು ಕಡೆ ಹಳೇ ಗಾಡಿ ಇಟ್ಟುಕೊಳ್ಳುವುದೇ ದುಬಾರಿಯಾಗುತ್ತಿದೆ. ಚೆನ್ನಾಗಿ ನೋಡಿಕೊಂಡ ಗಾಡಿಗೂ ನಿರ್ಲಕ್ಷ್ಯದ ಗಾಡಿಗೂ ಒಂದೇ ಶುಲ್ಕ. ವಯಸ್ಸಿನ ಬದಲು ಸ್ಥಿತಿಯನ್ನು ಅಳೆಯುವ ನೀತಿ ಬೇಕು ಅಂತ ಕೇಳುವ ನ್ಯಾಯ ಹಳೇ ಗಾಡಿಯವರಿಗೆ ಇದೆ.

ಆದರೆ ಕೇಳುವವರ ಗಾಡಿ ಮೊದಲು ನೆಟ್ಟಗಿರಬೇಕು. ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಿಸಿದಿರಿ ಅಂತ ಬರೆಯಿರಿ, ಬಿಲ್ಲು ಅಂಟಿಸಿ. ಮುಂದಿನ ಕೆಲಸಕ್ಕೆ, ತಪಾಸಣೆಗೆ, ಮಾರುವಾಗ ಕೊಳ್ಳುವವರಿಗೆ ತೋರಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ.