ಕೋಲಾರ ಸೀಮೆಯ ಐರೋಪ್ಯ ಕುಟುಂಬಗಳೂ ನಿವಾಸಾಧಿಕಾರವೂ

೧

ಗಂಗವಂಶದ ಅರಸರು ತಮ್ಮ ಬಿರುದಾವಳಿಯಲ್ಲಿ ಕುವಲಾಲಪುರದ ಒಡೆತನವನ್ನು ಹೇಳಿಕೊಳ್ಳುತ್ತಿದ್ದುದು ಶಾಸನಾಭ್ಯಾಸಿಗಳಿಗೆ ಸುವಿದಿತವಾದ ವಿಷಯ. ಆ ಕುವಲಾಲವೇ ಈಗಿನ ಕೋಲಾರ. ಅದರ ಪೂರ್ವಕ್ಕೆ ಮುಳಬಾಗಿಲು. ಈ ಹೆಸರು ‘ಮೂಡಲ ಬಾಗಿಲು’ ಎಂಬುದರ ರೂಪಾಂತರವೆಂದು ಹೇಳುವುದುಂಟು. ಉತ್ತರಕ್ಕಿರುವ ಶ್ರೀನಿವಾಸಪುರವು ಮೊದಲು ಪಾಪನಪಳ್ಳಿಯಾಗಿದ್ದು, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನಿಟ್ಟ ಬಳಿಕ ಈಗಿನ ಹೆಸರನ್ನು ಪಡೆಯಿತು. ಪಶ್ಚಿಮದಲ್ಲಿ ಮಾಲೂರು, ಬೆಂಗಳೂರಿನಿಂದ ಬರುವ ಉಗಿಬಂಡಿಯ ದಾರಿ ಅದರ ಮೂಲಕವೇ ಹಾದುಹೋಗುವುದು. ಮೈಸೂರು ಸಂಸ್ಥಾನದ ಪೂರ್ವದ ಎಲ್ಲೆಯಲ್ಲಿದ್ದ ಈ ನಾಡಿನಲ್ಲಿ, ಚಿನ್ನದ ಗಣಿಗಳು ತೆರೆದ ತರುವಾಯ, ಐರೋಪ್ಯರು ಕುಟುಂಬಸಮೇತರಾಗಿ ನೆಲಸಿದರು. ಅವರಲ್ಲಿ ಕೆಲವರ ಗೃಹಿಣಿಯರು ಐರೋಪ್ಯರಲ್ಲ. ಅನೇಕರ ಮಕ್ಕಳು ಉಭಯ ಕುಲಗಳ ಸಂತಾನ. ಯಜಮಾನನು ಸ್ವದೇಶಕ್ಕೆ ಹಿಂದಿರುಗುವಾಗ ಅವನೊಡನೆ ಹೋಗಿ ಅಲ್ಲಿ ಬಾಳುವ ಅಧಿಕಾರ ಈ ಹೆಂಡತಿಗೂ ಈ ಮಕ್ಕಳಿಗೂ ಉಂಟೆ? ಉಂಟಾದರೆ ಅದು ಯಾವ ಆಧಾರದಿಂದ ಬಂದುದು? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ವಿಚಾರವೇ ಪ್ರಕೃತ ಲೇಖನದ ವಿಷಯ.

೨

ಈ ವಿಚಾರದ ಬೇರು ಕುಂಪಣಿಯ ಕಾಲದಲ್ಲಿದೆ. ೧೬೮೭ರಲ್ಲಿ ಲಂಡನ್ನಿನ ನಿರ್ದೇಶಕರು ಮದರಾಸಿನ ಕೋಟೆಗೆ ಬರೆದ ಕಾಗದದಲ್ಲಿ, ಸಿಪಾಯಿಗಳು ಈ ದೇಶದ ಸ್ತ್ರೀಯರನ್ನು ವಿವಾಹವಾಗುವುದನ್ನು ಪ್ರೋತ್ಸಾಹಿಸಬೇಕೆಂದೂ, ಅಂತಹ ವಿವಾಹದಿಂದ ಹುಟ್ಟಿದ ಮಗುವಿಗೆ ಜ್ಞಾನಸ್ನಾನವಾದ ದಿನ ತಾಯಿಗೆ ಒಂದು ವರಹ ಕೊಡಬಹುದೆಂದೂ ತಿಳಿಸಿದ್ದರು. ಆಗ ಕುಂಪಣಿಗೆ ಕೋಟೆಯನ್ನು ಕಾಯುವ ಜನ ಬೇಕಾಗಿದ್ದರು. ಮಗುವೊಂದಕ್ಕೆ ವರಹವೊಂದರ ವೆಚ್ಚವು ಇಂಗ್ಲೆಂಡಿನಿಂದ ಸಿಪಾಯಿಯೊಬ್ಬನನ್ನು ಕರೆತರುವ ವೆಚ್ಚಕ್ಕಿಂತ ಬಹಳ ಕಡಮೆ.

ನೂರು ವರ್ಷ ತುಂಬುವುದರೊಳಗೆ ಈ ನೀತಿ ತಲೆಕೆಳಗಾಯಿತು. ಕಲ್ಕತ್ತೆಯ ಅನಾಥಾಲಯದಲ್ಲಿದ್ದ, ಐರೋಪ್ಯ ಅಧಿಕಾರಿಗಳ ಮಿಶ್ರಸಂತಾನದ ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗುವುದನ್ನು ೧೭೮೬ರಲ್ಲಿ ತಡೆಯಲಾಯಿತು. ೧೭೯೧ರಲ್ಲಿ, ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾದವರಿಗೆ ಕುಂಪಣಿಯ ಸಿವಿಲ್, ಸೈನ್ಯ ಮತ್ತು ನೌಕಾ ಉದ್ಯೋಗಗಳು ಇಲ್ಲವೆಂದಾಯಿತು. ೧೭೯೫ರ ಆಜ್ಞೆಯಂತೆ ಇಂಥವರಿಗೆ ಸೈನ್ಯದಲ್ಲಿ ಉಳಿದದ್ದು ಕೊಳಲೂದುವ, ತಮ್ಮಟೆ ಬಾರಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳು ಮಾತ್ರ.

ಈ ೧೭೯೧ನೆಯ ವರ್ಷವು ಕೋಲಾರ ಸೀಮೆಯ ಚರಿತ್ರೆಯಲ್ಲಿಯೂ ಸ್ಮರಣೀಯ. ಲಾರ್ಡ್ ಕಾರ್ನ್‌ವಾಲಿಸನು ಟೀಪೂ ಸುಲ್ತಾನನ ಮೇಲೆ ದಂಡೆತ್ತಿ, ಮುಗಳಿ ಕಣಿವೆಯನ್ನೇರಿ, ಮುಳಬಾಗಿಲು ಕೋಲಾರಗಳ ಮಾರ್ಗವಾಗಿ ಬೆಂಗಳೂರಿಗೆ ನಡೆದದ್ದು ಆ ವರ್ಷವೇ. ಒಂದು ಕಡೆ ರಾಜ್ಯ ವಿಸ್ತರಿಸಿತು; ಮತ್ತೊಂದು ಕಡೆ ಕುಟುಂಬದ ಎಲ್ಲೆ ಸಂಕುಚಿತವಾಯಿತು. ಸೀಮೆಯಿಂದ ಬಂದ ದಂಡುಗಳು ಮರಳಿ ಹಡಗು ಹತ್ತುವಾಗ, ಸಿಪಾಯಿಯ ಐರೋಪ್ಯ ಪತ್ನಿಗೆ ಸರಕಾರದ ಖರ್ಚಿನಲ್ಲಿ ಸ್ಥಳ ದೊರೆಯುತ್ತಿತ್ತು. ಈ ದೇಶದ ಪತ್ನಿಗೆ ದೊರೆಯುತ್ತಿರಲಿಲ್ಲ. ಅವಳನ್ನು ಬಿಡಲೊಲ್ಲದವನು ಬೇರೊಂದು ದಂಡಿಗೆ ಸೇರಿ ಇಲ್ಲಿಯೇ ಉಳಿಯಬೇಕಾಗಿತ್ತು. ವಿವಾಹವನ್ನು ಯಾರೂ ಅಸಿಂಧುವೆನ್ನಲಿಲ್ಲ. ಆದರೆ ಆ ವಿವಾಹದ ಬಲವು ಬಂದರಿನ ಕಟ್ಟೆಯಲ್ಲಿಯೇ ಮುಗಿಯಿತು.

೩

ಟೀಪುವಿನ ಪತನಾನಂತರ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುವ ಕಾರ್ಯ ಲೆಫ್ಟೆನೆಂಟ್ ಜಾನ್ ವಾರನ್ ಎಂಬಾತನ ಪಾಲಿಗೆ ಬಂದಿತು. ೧೮೦೨ರಲ್ಲಿ ಊರಿಗಾಂ, ಮಾರಿಕುಪ್ಪಂ ಕಡೆಯ ಮಣ್ಣಿನಲ್ಲಿ ಚಿನ್ನವಿರುವುದನ್ನು ಈತನು ಪರೀಕ್ಷಿಸಿ ಬರೆದಿಟ್ಟನು. ಆ ಬರಹವನ್ನು ಬಹುಕಾಲಾನಂತರ ಓದಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಐರಿಷ್ ಸಿಪಾಯಿಯು ೧೮೭೫ರಲ್ಲಿ ಗಣಿಯ ಪರವಾನಗಿಯನ್ನು ಪಡೆದನು. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಸಂಸ್ಥೆಯು ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ, ತವರದ ಗಣಿಗಳಲ್ಲಿ ಪಳಗಿದ ಕಾರ್ನ್‌ವಾಲ್ ಪ್ರಾಂತದ ಜನರು ಇಲ್ಲಿಗೆ ಬರಲಾರಂಭಿಸಿದರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಗಣಿಗಳಿಗೆ ಮುಟ್ಟಿತು. ಬಂಗಲೆಗಳು, ಚರ್ಚುಗಳು, ಕ್ಲಬ್ಬುಗಳು ಎದ್ದುವು. ಆ ಊರಿಗೆ ‘ಚಿಕ್ಕ ಇಂಗ್ಲೆಂಡು’ ಎಂಬ ಹೆಸರೂ ಬಂದಿತು. ಆದರೆ ಬಂಗಲೆಯು ಕುಂಪಣಿಯದು. ನೌಕರಿ ತೀರಿದ ದಿನ ನಿವಾಸವೂ ತೀರುವುದು.

ವಾರನ್ನನು ಅಳೆದ ಗಡಿಯು ಚಿನ್ನಕ್ಕಿಂತಲೂ ದೀರ್ಘವಾದ ಪರಿಣಾಮವನ್ನುಂಟುಮಾಡಿತೆಂಬುದನ್ನು ಗಮನಿಸತಕ್ಕದ್ದು. ಗಡಿಯಾಚೆಯ ಪಲಮನೇರು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಅಲ್ಲಿ ಹುಟ್ಟಿದವರು ಜನ್ಮತಃ ಬ್ರಿಟಿಷ್ ಪ್ರಜೆಗಳು. ಮಾಲೂರಿನ ದಕ್ಷಿಣಕ್ಕಿರುವ ಹೊಸೂರಿನವರೂ ಹಾಗೆಯೇ. ಮುಳಬಾಗಿಲು, ಶ್ರೀನಿವಾಸಪುರ, ಕೋಲಾರಗಳಲ್ಲಿ ಹುಟ್ಟಿದವರಾದರೋ ಮೈಸೂರು ಮಹಾರಾಜರ ಪ್ರಜೆಗಳು. ಇಂಗ್ಲಿಷ್ ಕಾನೂನು ಇವರನ್ನು ‘ಬ್ರಿಟಿಷ್ ರಕ್ಷಣೆಗೊಳಪಟ್ಟವರು’ ಎಂದು ಕರೆಯಿತೇ ಹೊರತು ಪ್ರಜೆಗಳೆಂದು ಎಣಿಸಲಿಲ್ಲ. ಒಂದೇ ಗಣಿಯ ಒಂದೇ ಸಾಲಿನ ಮನೆಗಳಲ್ಲಿ ವಾಸಿಸುತ್ತಿದ್ದ ಇಬ್ಬರು ಸ್ತ್ರೀಯರಲ್ಲಿ, ಪಲಮನೇರಿನವಳು ಚಕ್ರವರ್ತಿಯ ಪ್ರಜೆ, ಮುಳಬಾಗಿಲಿನವಳು ಪರಕೀಯಳು. ಅವರಿಬ್ಬರ ಊರುಗಳಿಗೂ ನಡುವಣ ಅಂತರವು ಒಂದು ಹಗಲಿನ ಬಂಡಿಯ ಪ್ರಯಾಣದಷ್ಟು.

ವಿವಾಹವು ಈ ಭೇದವನ್ನು ಅಳಿಸುತ್ತಿತ್ತು. ೧೮೭೦ರ ಮತ್ತು ೧೯೧೪ರ ಕಾಯಿದೆಗಳಂತೆ ಪತಿಯ ಪ್ರಜಾತ್ವವೇ ಪತ್ನಿಯ ಪ್ರಜಾತ್ವ. ಆದುದರಿಂದ ಕಾರ್ನ್‌ವಾಲಿನ ಗಣಿಗಾರನನ್ನು ಶಾಸ್ತ್ರೋಕ್ತವಾಗಿ ವರಿಸಿದ ಮುಳಬಾಗಿಲಿನವಳು ಆ ಕ್ಷಣದಿಂದಲೇ ಬ್ರಿಟಿಷ್ ಪ್ರಜೆ. ೧೯೦೫ರಿಂದೀಚೆಗೆ ಪರಕೀಯರನ್ನು ಬಂದರುಗಳಲ್ಲಿ ತಡೆಯತೊಡಗಿದ ಕಾಯಿದೆಗಳು ಅವಳಿಗೆ ತಾಗುತ್ತಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಪರಕೀಯನನ್ನು ವರಿಸಿದ ಇಂಗ್ಲಿಷ್ ಸ್ತ್ರೀಯು ತಾನು ಹುಟ್ಟಿದ ದೇಶದಲ್ಲಿಯೇ ಪರಕೀಯಳಾಗುತ್ತಿದ್ದಳು. ಈ ಕಠಿನ ನಿಯಮವು ೧೯೩೩ರಲ್ಲಿ ಸ್ವಲ್ಪ ಸಡಿಲವಾಯಿತು. ಅಂತೂ ಸ್ತ್ರೀಯ ನಿವಾಸಾಧಿಕಾರವು ಅವಳ ಸ್ವಂತ ಆಸ್ತಿಯಾಗಿರದೆ, ಪತಿಯೊಡನೆ ಬರುವ, ಪತಿಯೊಡನೆ ಹೋಗುವ ವಸ್ತುವಾಗಿತ್ತು.

೪

ಮಕ್ಕಳ ವಿಷಯಕ್ಕೆ ಬಂದರೆ, ಧರ್ಮಶಾಸ್ತ್ರಗಳಲ್ಲಿ ಪ್ರಸಿದ್ಧವಾದ ಬೀಜಕ್ಷೇತ್ರವಾದವು ನೆನಪಿಗೆ ಬರುವುದು. ಸಂತಾನವು ಬೀಜಿಗೆ ಸೇರಿದ್ದೋ ಕ್ಷೇತ್ರಕ್ಕೆ ಸೇರಿದ್ದೋ ಎಂಬ ಪ್ರಶ್ನೆಯನ್ನು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ವಿಸ್ತಾರವಾಗಿ ಚರ್ಚಿಸುತ್ತದೆ. ಇಂಗ್ಲಿಷ್ ಕಾನೂನು ಈ ವಾದದ ಹೆಸರನ್ನು ಅರಿಯದಿದ್ದರೂ ಅದರ ಸುಳಿಯಲ್ಲಿಯೇ ಸಿಕ್ಕಿಕೊಂಡಿತ್ತು.

೧೮೮೧ರಲ್ಲಿ ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಕೊಟ್ಟಾಗ, ‘ಐರೋಪ್ಯ ಬ್ರಿಟಿಷ್ ಪ್ರಜೆ’ಗಳ ಮೇಲಣ ಅಪರಾಧವಿಚಾರಣೆಯ ಅಧಿಕಾರವನ್ನು ಗವರ್ನರ್ ಜನರಲ್ಲರು ತಮ್ಮಲ್ಲಿಯೇ ಉಳಿಸಿಕೊಂಡರು, ಅವರು ಒಪ್ಪಿಸಿದಷ್ಟನ್ನು ಮಾತ್ರ ಮಹಾರಾಜರು ನಡೆಸಬಹುದಾಗಿತ್ತು. ಈ ಹೆಸರಿಗೆ ಅರ್ಹರು ಯಾರು? ೧೮೯೮ರ ಅಪರಾಧಸಂಹಿತೆಯು ಬ್ರಿಟನ್ ಮತ್ತು ಕೆಲವು ವಸಾಹತುಗಳಲ್ಲಿ ಹುಟ್ಟಿದ ಅಥವಾ ನೆಲಸಿದ ಪ್ರಜೆಗಳನ್ನೂ, ನ್ಯಾಯಸಮ್ಮತವಾದ ವಂಶಕ್ರಮದಿಂದ ಬಂದ ಅವರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಈ ವರ್ಗಕ್ಕೆ ಸೇರಿಸಿತು. ಎಂದರೆ, ಚರ್ಚಿನ ಪುಸ್ತಕದಲ್ಲಿ ವಿವಾಹವು ದಾಖಲಾಗಿದ್ದರೆ ಮಿಶ್ರಸಂತಾನದ ಮೊಮ್ಮಗನೂ ‘ಐರೋಪ್ಯ’ನೇ, ದಾಖಲಾಗದಿದ್ದರೆ ಸ್ವಂತ ಮಗನೂ ಅಲ್ಲ, ಮರಿಮಗನಂತೂ ಎಂದಿಗೂ ಅಲ್ಲ. ೧೯೨೩ರ ತಿದ್ದುಪಾಟು ಇನ್ನೊಂದು ಹೆಜ್ಜೆ ಮುಂದಿಟ್ಟು, ಮೂಲಪುರುಷನು ಪುರುಷಪರಂಪರೆಯಿಂದ ಐರೋಪ್ಯನಾಗಿರಬೇಕೆಂದು ಸ್ಪಷ್ಟಪಡಿಸಿತು. ಹೀಗೆ ಬೀಜಕ್ಕೆ ಪ್ರಾಧಾನ್ಯವು ಲಿಖಿತವಾಗಿ ಸ್ಥಾಪಿತವಾಯಿತು. ಸ್ವತಂತ್ರ ಭಾರತವು ಈ ಜನಾಂಗಭೇದವನ್ನು ೧೯೪೯ರಲ್ಲಿ ಅಪರಾಧಕಾನೂನಿನಿಂದ ತೆಗೆದುಹಾಕಿತು. ಆದರೆ ಭಾರತದ ಸಂವಿಧಾನದ ೩೬೬ನೆಯ ಅನುಚ್ಛೇದದಲ್ಲಿ ‘ಆಂಗ್ಲೋ-ಇಂಡಿಯನ್’ ಎಂಬುದರ ಲಕ್ಷಣವನ್ನು ಹೇಳುವಾಗ ಅದೇ ಪುರುಷಪರಂಪರೆಯ ಮಾತು ಉಳಿಯಿತು. ಐರೋಪ್ಯ ತಾಯಿಗೂ ಭಾರತೀಯ ತಂದೆಗೂ ಹುಟ್ಟಿದವನು ಈ ಲಕ್ಷಣದೊಳಗೆ ಬಾರನು.

ಎರಡು ಕಡೆಯಲ್ಲಿಯೂ ಪೂರ್ಣವಾಗಿ ಸಲ್ಲದ ಈ ಜನಕ್ಕೆ ನೆಲೆ ಕೊಟ್ಟ ಯಶಸ್ಸು ಮೈಸೂರು ಸಂಸ್ಥಾನಕ್ಕೆ ಸಲ್ಲತಕ್ಕದ್ದು. ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರು ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು ೩,೯೦೦ ಎಕರೆ ಭೂಮಿಯನ್ನು ವ್ಯವಸಾಯಕ್ಕಾಗಿ ಕೊಟ್ಟರು. ಮದರಾಸಿನ ವೈಟ್ ಎಂಬ ಮುಖಂಡನ ಹೆಸರಿನಿಂದ ಅದು ವೈಟ್‌ಫೀಲ್ಡ್ ಎನಿಸಿತು. ಬೆಂಗಳೂರಿನಿಂದ ಮಾಲೂರಿಗೆ ಬರುವ ರೈಲುದಾರಿಯಲ್ಲಿ ಈ ಊರು ಸಿಗುತ್ತದೆ. ಪಿತೃಭೂಮಿಯು ಮಾತೃವಂಶವನ್ನೂ, ಮಾತೃಭೂಮಿಯ ಸಮಾಜವು ಪಿತೃವಂಶವನ್ನೂ ಎತ್ತಿ ಆಡುತ್ತಿದ್ದ ಕಾಲದಲ್ಲಿ, ವಂಶವನ್ನು ಶೋಧಿಸದೆ ನೇಗಿಲನ್ನು ಕೈಗಿತ್ತ ಈ ದಾನವು ಸ್ಮರಣಾರ್ಹವಾದುದು.

೫

೧೯೪೭ರ ಅನಂತರ ಈ ಪ್ರಶ್ನೆಯು ಕೇವಲ ವಿದ್ವಚ್ಚರ್ಚೆಯಾಗಿ ಉಳಿಯದೆ ಮನೆಮನೆಯ ಚಿಂತೆಯಾಯಿತು. ೧೯೪೯ನೆಯ ಜನವರಿ ೧ರಿಂದ ಜಾರಿಗೆ ಬಂದ ಬ್ರಿಟಿಷ್ ಕಾಯಿದೆಯು, ಬ್ರಿಟನ್ನಿನಲ್ಲಿ ಹುಟ್ಟಿದ ತಂದೆಯ ಮಕ್ಕಳಿಗೆ ಪೌರತ್ವವನ್ನು ಕೊಟ್ಟಿತು. ಅದಕ್ಕಿಂತ ಹಿಂದಿನ ಪೀಳಿಗೆಯ ಆಧಾರವುಳ್ಳವರು, ಪುರುಷಪರಂಪರೆಯಲ್ಲಿ ತಮ್ಮ ಮೂಲವನ್ನು ತೋರಿಸಿ, ಅಲ್ಲಿ ನೆಲಸುವ ಸಂಕಲ್ಪವನ್ನು ತಿಳಿಸಿ, ಗೊತ್ತಾದ ಅವಧಿಯೊಳಗೆ ಅರ್ಜಿ ಹಾಕಿಕೊಳ್ಳಬಹುದಾಗಿತ್ತು. ಪೌರನ ಪತ್ನಿಗೆ ನೋಂದಾವಣೆಯ ಹಕ್ಕು ದೊರೆಯಿತು. ಪೌರಳ ಪತಿಗೆ ಆ ಬಾಗಿಲು ತೆರೆಯಲಿಲ್ಲ. ಮುತ್ತಜ್ಜನ ಜ್ಞಾನಸ್ನಾನದ ಚೀಟಿ, ಅಜ್ಜಿಯ ವಿವಾಹದ ದಾಖಲೆ ಇವು ಮನೆಯ ಒಡವೆಗಳಿಗಿಂತ ಬೆಲೆಯುಳ್ಳ ವಸ್ತುಗಳಾದುವು. ತಂದೆಯ ಅಜ್ಜನು ಕಾರ್ನ್‌ವಾಲಿನವನಾದರೆ ಒಂದು ಗತಿ, ತಾಯಿಯ ಅಜ್ಜನಾದರೆ ಮತ್ತೊಂದು ಗತಿ.

ಆಸ್ಟ್ರೇಲಿಯಾಕ್ಕೆ ಹೊರಟವರ ಮುಂದೆ ಬೇರೊಂದು ಪರೀಕ್ಷೆಯಿತ್ತು. ೧೯೦೧ರಿಂದ ಬಿಳಿಯರಲ್ಲದವರನ್ನು ದೂರವಿಡುತ್ತಿದ್ದ ಆ ದೇಶದ ನೀತಿಯು ವಂಶದ ಪ್ರಮಾಣವನ್ನೂ ಮೈಬಣ್ಣವನ್ನೂ ನೋಡುತ್ತಿತ್ತು. ಒಡಹುಟ್ಟಿದವರಲ್ಲಿಯೇ ಬಣ್ಣವು ಒಂದೇ ಆಗಿರುವುದಿಲ್ಲ. ಇಂತಹ ಪರೀಕ್ಷೆಯು ಒಂದು ಮನೆಯನ್ನು ಎರಡಾಗಿ ಸೀಳಬಲ್ಲುದು. ಆ ನೀತಿಯು ಕ್ರಮೇಣ ಸಡಿಲಿ ೧೯೭೩ರಲ್ಲಿ ಕೊನೆಗೊಂಡಿತು.

ಇತ್ತ ೧೯೫೬ರಲ್ಲಿ ಮೈಸೂರು ಸರಕಾರವು ಗಣಿಗಳನ್ನು ರಾಷ್ಟ್ರೀಕರಿಸಿತು. ಅತ್ತ ಬ್ರಿಟನ್ನಿನಲ್ಲಿ, ಕಾಮನ್‌ವೆಲ್ತ್ ಪ್ರಜೆಗಳಿಗಿದ್ದ ಮುಕ್ತಪ್ರವೇಶವು ೧೯೬೨ರ ಕಾಯಿದೆಯಿಂದ ನಿಂತುಹೋಯಿತು. ೧೯೭೧ರ ಕಾಯಿದೆಯು ಬ್ರಿಟನ್ನಿನಲ್ಲಿ ಹುಟ್ಟಿದ ಪೌರರ ಮಕ್ಕಳಾದ ಕಾಮನ್‌ವೆಲ್ತ್ ಪ್ರಜೆಗಳಿಗೆ ನಿವಾಸಾಧಿಕಾರವನ್ನು ಕೊಡುವಾಗ ತಂದೆತಾಯಿಗಳೆಂಬ ಭೇದವನ್ನೆಣಿಸಲಿಲ್ಲ. ಕ್ಷೇತ್ರಕ್ಕೆ ದೊರೆತ ಮೊದಲ ಮನ್ನಣೆಯಿದು. ಹೊರದೇಶದಲ್ಲಿ ಹುಟ್ಟುವ ಮಕ್ಕಳಿಗೆ ತಾಯಿಯಿಂದಲೂ ಪೌರತ್ವ ಬರುವುದೆಂಬ ನಿಯಮವು ೧೯೮೩ರಲ್ಲಿ ಜಾರಿಗೆ ಬಂದಿತು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು.

೬

ಪತ್ನಿಯ ಮೂಲಕ ಪತಿಗೆ ನಿವಾಸಾಧಿಕಾರ ಬರಬಹುದೆಂಬ ತತ್ತ್ವವು ಯೂರೋಪಿನ ನ್ಯಾಯಾಲಯಗಳಲ್ಲಿ ಬೆಳೆದ ಬಗೆಯು ವಿಶೇಷವಾಗಿ ಪರಿಶೀಲನಾರ್ಹವಾಗಿದೆ. ಬ್ರಿಟನ್ನಿನಲ್ಲಿ ನೆಲಸಿದ ಪುರುಷರ ಪತ್ನಿಯರಿಗೆ ಸುಲಭವಾಗಿ ದೊರೆಯುತ್ತಿದ್ದ ಪ್ರವೇಶವನ್ನು, ಅಲ್ಲಿ ನೆಲಸಿದ ಸ್ತ್ರೀಯರ ಪತಿಗಳಿಗೆ ನಿರಾಕರಿಸುವುದು ಲಿಂಗಭೇದವೆಂದು ಸ್ಟ್ರಾಸ್‌ಬರ್ಗಿನ ಮಾನವಹಕ್ಕುಗಳ ನ್ಯಾಯಾಲಯವು ೧೯೮೫ರಲ್ಲಿ ತೀರ್ಪಿತ್ತಿತು. ೧೯೯೨ರ ಜುಲೈ ೭ರಂದು ಲಕ್ಸೆಂಬರ್ಗಿನ ನ್ಯಾಯಾಲಯವು ಸುರೀಂದರ್ ಸಿಂಗ್ ಮೊಕದ್ದಮೆಯನ್ನು ತೀರ್ಮಾನಿಸಿತು. ಪತಿಯು ಭಾರತೀಯ, ಪತ್ನಿಯು ಬ್ರಿಟಿಷ್ ಪ್ರಜೆ. ಇಬ್ಬರೂ ಜರ್ಮನಿಯಲ್ಲಿ ಕೆಲಸಮಾಡಿ ೧೯೮೫ರಲ್ಲಿ ಬ್ರಿಟನ್ನಿಗೆ ಹಿಂದಿರುಗಿದ್ದರು. ಸ್ವದೇಶಕ್ಕೆ ಮರಳುವ ಪತ್ನಿಯೊಡನೆ ಬರುವ ಪತಿಗೆ, ಆಕೆಯು ಮತ್ತೊಂದು ಸದಸ್ಯದೇಶಕ್ಕೆ ಹೋಗುವಾಗ ಇರುತ್ತಿದ್ದ ಹಕ್ಕುಗಳಿಗಿಂತ ಕಡಮೆಯಾಗಬಾರದೆಂದು ನ್ಯಾಯಾಲಯ ಹೇಳಿತು. ಏಕೆಂದರೆ, ಕುಟುಂಬವನ್ನು ಕರೆದುಕೊಂಡು ಹಿಂದಿರುಗಲಾರೆನೆಂಬ ಭಯವಿದ್ದರೆ ಯಾರೂ ಮನೆಯನ್ನು ಬಿಟ್ಟು ಹೊರಡುವುದಿಲ್ಲ.

೨೦೦೪ರ ಐರೋಪ್ಯ ನಿರ್ದೇಶವು ಈ ಹಕ್ಕುಗಳನ್ನು ಒಂದೆಡೆ ಕ್ರೋಡೀಕರಿಸಿದೆ. ತನ್ನ ದೇಶವನ್ನು ಬಿಟ್ಟು ಒಕ್ಕೂಟದ ಮತ್ತೊಂದು ದೇಶದಲ್ಲಿ ನೆಲಸುವ ಐರೋಪ್ಯ ಪೌರನ ಅಥವಾ ಪೌರಳ ದಂಪತಿ, ೨೧ ವರ್ಷದೊಳಗಿನ ಅಥವಾ ಅವಲಂಬಿತರಾದ ಮಕ್ಕಳು, ಅವಲಂಬಿತರಾದ ತಂದೆತಾಯಿಗಳು ಇವರು ಯಾವ ದೇಶದವರಾದರೂ, ಆ ಪೌರನು ನಿಯಮಿಸಿದ ಷರತ್ತುಗಳಂತೆ ವಾಸಿಸುತ್ತಿರುವಾಗ, ಅವನೊಡನೆ ವಾಸಿಸಬಹುದು. ೫ ವರ್ಷಗಳ ಸಹವಾಸಾನಂತರ ಸ್ಥಿರನಿವಾಸಕ್ಕೆ ಅಧಿಕಾರಿಗಳಾಗುವರು. ಇಲ್ಲಿ ಗಂಡನ ಕಡೆ, ಹೆಂಡತಿಯ ಕಡೆ ಎಂಬ ಭೇದವಿಲ್ಲ, ಬಣ್ಣದ ಮಾತಿಲ್ಲ. ೨೦೨೦ರಲ್ಲಿ ಒಕ್ಕೂಟವನ್ನು ಬಿಟ್ಟ ಬ್ರಿಟನ್ನಿಗೆ ಮಾತ್ರ ಈ ನಿರ್ದೇಶವು ಈಗ ಅನ್ವಯಿಸುವುದಿಲ್ಲ. ಕೋಲಾರಕ್ಕೆ ಗಣಿಗಾರರನ್ನು ಕಳುಹಿಸಿದ ದೇಶವೇ ಈ ಉದಾರನಿಯಮದ ಹೊರಗಾದುದು ಚರಿತ್ರೆಯ ವೈಚಿತ್ರ್ಯಗಳಲ್ಲೊಂದು.

ಮೇಲಣ ವಿಚಾರದಿಂದ ನಿಷ್ಪನ್ನವಾಗುವುದೇನೆಂದರೆ: ಕುಂಪಣಿಯ ಕಾಲದಲ್ಲಿ ನಿವಾಸಾಧಿಕಾರವು ಸರಕಾರದ ಪ್ರಯೋಜನವನ್ನೂ, ಅನಂತರ ಬೀಜವನ್ನೂ, ಕಡೆಗೆ ಸಹಜೀವನವನ್ನೂ ಆಶ್ರಯಿಸಿ ನಿಂತಿತು. ಬೀಜಕ್ಕೆ ಕೆಲವೆಡೆ, ಕ್ಷೇತ್ರಕ್ಕೆ ಕೆಲವೆಡೆ ಪ್ರಾಶಸ್ತ್ಯವನ್ನು ಹೇಳಿದ ಮನುವೂ, ಎರಡೂ ಸಮವಾಗಿರುವೆಡೆಯ ಸಂತಾನವನ್ನೇ ಮೆಚ್ಚಿಕೊಂಡಿದ್ದಾನೆ. ಕಾನೂನು ಆ ಸಮತೆಯನ್ನು ಮುಟ್ಟುವುದಕ್ಕೆ ಹಿಡಿದ ಕಾಲವು ಕೋಲಾರದ ಗಣಿಗಳ ಆಯುಸ್ಸಿನಷ್ಟೇ ದೀರ್ಘವಾಯಿತು.

ಈ ಚರಿತ್ರೆಗೆ ಪ್ರಮಾಣವಾಗಿರುವ ಜ್ಞಾನಸ್ನಾನ ವಿವಾಹಗಳ ಪುಸ್ತಕಗಳೂ ಗೋರಿಗಳ ಮೇಲಣ ಬರಹಗಳೂ ಚಿನ್ನದ ಗಣಿಯ ಊರಿನಲ್ಲಿ ಈಗಲೂ ಉಂಟು. ತಾಮ್ರಪಟಗಳಿಗೂ ವೀರಗಲ್ಲುಗಳಿಗೂ ತೋರಿಸುವ ಆದರವನ್ನು ವಿದ್ವಾಂಸರು ಇವುಗಳಿಗೂ ತೋರಿಸಿ, ಕಾಗದವು ಜೀರ್ಣವಾಗುವುದಕ್ಕೆ ಮುಂಚೆ ಪ್ರತಿಮಾಡಿಸುವುದು ಯುಕ್ತವಾಗಿದೆ. ಅವುಗಳಲ್ಲಿ ಎಷ್ಟೋ ಕಡೆ ಯಜಮಾನನ ಹೆಸರು ಪೂರ್ಣವಾಗಿದ್ದು, ಗೃಹಿಣಿಯದು ಜ್ಞಾನಸ್ನಾನದಲ್ಲಿ ಕೊಟ್ಟ ಒಂದೇ ಹೆಸರಾಗಿರುವುದು ಸಹಜ. ಆ ಒಂದು ಹೆಸರಿನ ಹಿಂದೆ ಮುಳಬಾಗಿಲಿನದೋ ಮಾಲೂರಿನದೋ ಒಂದು ಮನೆಯುಂಟೆಂಬುದನ್ನು ಈ ನಾಡಿನ ಚರಿತ್ರೆಯು ಮರೆಯಬಾರದು.