ತಟ್ಟೆಯಲ್ಲಿ ಕುಗ್ಗಿ, ತಟ್ಟೆಯಲ್ಲೇ ಬೆಳೆದ ಡೊನಿಜೆಟ್ಟಿ

1902ರ ಏಪ್ರಿಲ್‌ನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣಕಾರ ಫ್ರೆಡ್ ಗೈಸ್‌ಬರ್ಗ್ ತಮ್ಮ ಯಂತ್ರಗಳನ್ನು ಮಿಲಾನ್ ನಗರದ ಗ್ರ್ಯಾಂಡ್ ಹೋಟೆಲಿನ ಕೋಣೆಯೊಂದರಲ್ಲಿ ಹೂಡಿದರು. ಇಪ್ಪತ್ತೊಂಬತ್ತು ವರ್ಷದ ಟೆನರ್ ಗಾಯಕ ಎನ್ರಿಕೊ ಕರೂಸೊ ಅಲ್ಲಿ ತುತ್ತೂರಿಯಾಕಾರದ ಕೊಳವೆಯ ಮುಂದೆ ನಿಂತು, ನೂರು ಪೌಂಡ್ ಸಂಭಾವನೆಗೆ ಹತ್ತು ಹಾಡುಗಳನ್ನು ಹಾಡಿದರು. ಗ್ರಾಮಫೋನನ್ನು ಆಟಿಕೆಯೆಂದು ತಾತ್ಸಾರ ಮಾಡುತ್ತಿದ್ದವರ ಬಾಯಿ ಮುಚ್ಚಿಸಿದ ತಟ್ಟೆಗಳು ಅವು. ಆ ಹತ್ತರಲ್ಲಿ ಒಂದು, ಅದಕ್ಕೆ ಐವತ್ತನಾಲ್ಕು ವರ್ಷ ಹಿಂದೆಯೇ ತೀರಿಕೊಂಡಿದ್ದ ಇಟಲಿಯ ಸಂಗೀತಕಾರ ಗಾಯೆತಾನೊ ಡೊನಿಜೆಟ್ಟಿಯ ‘ಲೆಲಿಸಿರ್ ದಾಮೊರೆ’ ಒಪೆರಾದ ‘ಊನಾ ಫುರ್ತಿವಾ ಲಾಗ್ರಿಮಾ’. ಏರಿಯಾ, ಅಂದರೆ ಒಪೆರಾದ ಒಂಟಿ ಹಾಡು, ಇಡಿಯಾಗಿ ಆ ತಟ್ಟೆಯಲ್ಲಿ ಹಿಡಿಸಲಿಲ್ಲ. ಎರಡು ವರ್ಷದ ಮೇಲೆ ಅಮೆರಿಕದ ವಿಕ್ಟರ್ ಕಂಪನಿಗಾಗಿ ಮತ್ತೆ ಹಾಡಿದಾಗ ಅದನ್ನು ಎರಡು ಮುದ್ರಣಗಳಾಗಿ ಒಡೆಯಬೇಕಾಯಿತು.

ಅದೇ ಗೈಸ್‌ಬರ್ಗ್ ಅದೇ ವರ್ಷದ ನವೆಂಬರ್‌ನಲ್ಲಿ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಕಂಠವನ್ನು ಮುದ್ರಿಸಿಕೊಂಡರು. ಗಂಟೆಗಟ್ಟಲೆ ಬೆಳೆಯುವ ಖಯಾಲನ್ನು ಮೂರು ನಿಮಿಷಕ್ಕೆ ಹಿಂಡಿ ಹಾಡಿದ ಗೌಹರ್ ಜಾನ್ ಮುಂದೆ ಮೈಸೂರು ಅರಮನೆಯ ವಿದುಷಿಯಾಗಿ, 1930ರಲ್ಲಿ ಆ ಊರಿನಲ್ಲೇ ಕೊನೆಯುಸಿರೆಳೆದರು. ನಮ್ಮ ಸಂಗೀತವಾಗಲಿ ಇಟಲಿಯ ಒಪೆರಾವಾಗಲಿ, ಮೊದಲ ಕರಾರು ಹಾಕಿದ್ದು ತಟ್ಟೆಯೇ. ಡೊನಿಜೆಟ್ಟಿಯ ಮಟ್ಟಿಗಂತೂ ಕಳೆದ ನೂರಿಪ್ಪತ್ತು ವರ್ಷಗಳ ಕಥೆಯೆಲ್ಲ ಈ ಕರಾರು ಸಡಿಲವಾಗುತ್ತ ಬಂದ ಕಥೆ.

ನೆಲಮಾಳಿಗೆಯಿಂದ ಪ್ಯಾರಿಸ್‌ಗೆ

ಡೊನಿಜೆಟ್ಟಿ ಹುಟ್ಟಿದ್ದು 1797ರ ನವೆಂಬರ್ 29ರಂದು, ಉತ್ತರ ಇಟಲಿಯ ಬೆರ್ಗಮೊ ಊರಿನಲ್ಲಿ. ಕೋಟೆಯ ಹೊರಗಿನ ಬೊರ್ಗೊ ಕನಾಲೆ ಬೀದಿಯಲ್ಲಿ, ಬೆಳಕೇ ಇಣುಕದ ನೆಲಮಾಳಿಗೆಯಲ್ಲಿ ಬಡ ಸಂಸಾರ. ತಂದೆ ಮುಂದೆ ಪುರಸಭೆಯ ಗಿರವಿ ಕಚೇರಿಯ ಕಾವಲುಗಾರನಾದ. ಸಂಗೀತದ ಗಂಧವೇ ಇಲ್ಲದ ಆ ಮನೆಯ ಹುಡುಗನನ್ನು ಎತ್ತಿದವನು ಬವೇರಿಯದಿಂದ ಬಂದು ಬೆರ್ಗಮೊದಲ್ಲಿ ನೆಲೆಸಿದ್ದ ಸಂಗೀತಗಾರ ಸಿಮೋನ್ ಮೈರ್. ಬಡಮಕ್ಕಳಿಗಾಗಿ ಅವನು 1806ರಲ್ಲಿ ತೆರೆದ ಉಚಿತ ಸಂಗೀತಶಾಲೆಯ ಮೊದಲ ತಂಡದಲ್ಲೇ ಡೊನಿಜೆಟ್ಟಿ ಇದ್ದ. ಮುಂದಿನ ಪಾಠಕ್ಕೆ ಶಿಷ್ಯನನ್ನು ಬೊಲೊನ್ಯಾಗೆ, ಒಪೆರಾಕಾರ ರೊಸ್ಸೀನಿಗೂ ಗುರುವಾಗಿದ್ದ ಪಾದ್ರಿ ಮಾತ್ತೇಯಿಯ ಬಳಿಗೆ, ಕಳಿಸಿದವನೂ ಮೈರ್‌ನೇ.

1818ರಲ್ಲಿ ವೆನಿಸ್‌ನಲ್ಲಿ ‘ಎನ್ರಿಕೊ ದಿ ಬೊರ್ಗೋನ್ಯಾ’ ರಂಗಕ್ಕೆ ಬಂದಿತು. ಅಲ್ಲಿಂದ ಬರವಣಿಗೆಗೆ ಬಿಡುವಿಲ್ಲ. 1827ರಲ್ಲಿ ನೇಪಲ್ಸ್‌ನ ರಂಗಮಂದಿರಗಳ ಗುತ್ತಿಗೆದಾರ ಬಾರ್ಬಾಯಾ ಮೂರು ವರ್ಷದಲ್ಲಿ ಹನ್ನೆರಡು ಒಪೆರಾ ಬರೆದುಕೊಡುವ ಕರಾರಿಗೆ ಅವನಿಂದ ಸಹಿ ಹಾಕಿಸಿಕೊಂಡ. ಅಂದಿನ ಇಟಲಿಯಲ್ಲಿ ಹಳೆಯ ಒಪೆರಾಕ್ಕೆ ಬೆಲೆಯಿರಲಿಲ್ಲ, ಪ್ರತಿ ಋತುವಿಗೂ ಹೊಸದೇ ಬೇಕು. ಡೊನಿಜೆಟ್ಟಿಯ ಒಟ್ಟು ಲೆಕ್ಕ ಎಪ್ಪತ್ತರ ಹತ್ತಿರ ಹೋದದ್ದು ಈ ಒತ್ತಡದಿಂದ.

ಅವನ ಹೆಸರನ್ನು ಇಟಲಿಯಾಚೆ ಹಬ್ಬಿಸಿದ್ದು 1830ರ ಡಿಸೆಂಬರ್ 26ರಂದು ಮಿಲಾನಿನಲ್ಲಿ ಮೊದಲು ಆಡಿದ ‘ಆನ್ನಾ ಬೊಲೇನಾ’. ಇಂಗ್ಲೆಂಡಿನ ಎಂಟನೇ ಹೆನ್ರಿಯ ಎರಡನೇ ರಾಣಿಯ ಕಥೆ ಅದು. ಎರಡು ವರ್ಷದೊಳಗೆ ಹಳ್ಳಿಯ ಪೆದ್ದ ಪ್ರೇಮಿಯ ಹಾಸ್ಯ ‘ಲೆಲಿಸಿರ್’. 1835ರ ಸೆಪ್ಟೆಂಬರ್ 26ರಂದು ನೇಪಲ್ಸ್‌ನಲ್ಲಿ ವಾಲ್ಟರ್ ಸ್ಕಾಟನ ಕಾದಂಬರಿ ಆಧರಿಸಿದ ‘ಲುಚಿಯಾ ದಿ ಲಾಮ್ಮೆರ್ಮೂರ್’. ಮೂರೇ ದಿನ ಹಿಂದೆ ಪ್ಯಾರಿಸ್ ಬಳಿ ಇನ್ನೊಬ್ಬ ಒಪೆರಾಕಾರ ಬೆಲ್ಲೀನಿ ತೀರಿಕೊಂಡಿದ್ದ; ರೊಸ್ಸೀನಿ ಒಪೆರಾ ಬರೆಯುವುದನ್ನೇ ಬಿಟ್ಟಿದ್ದ. ಇಟಲಿಯ ರಂಗದ ಮೇಲೆ ಕೆಲವು ವರ್ಷ ಡೊನಿಜೆಟ್ಟಿಗೆ ಎದುರಾಳಿಯೇ ಇರಲಿಲ್ಲ.

ಮನೆಯಲ್ಲಿ ಮಾತ್ರ ಸಾವಿನ ಮೇಲೆ ಸಾವು. ಮೂರು ಮಕ್ಕಳು ಹಸುಗೂಸುಗಳಾಗಿಯೇ ಹೋದವು. 1837ರಲ್ಲಿ ಹೆಂಡತಿ ವಿರ್ಜೀನಿಯಾ ಕೂಡ. ಮರುವರ್ಷ ನೇಪಲ್ಸ್‌ನ ದೊರೆ ‘ಪೊಲಿಯೂತೊ’ ಒಪೆರಾವನ್ನು ನಿಷೇಧಿಸಿದಾಗ ಬೇಸತ್ತು ಪ್ಯಾರಿಸ್‌ಗೆ ಹೊರಟ. 1840ರಲ್ಲಿ ಅಲ್ಲಿ ‘ಲಾ ಫೀಯ್ ದ್ಯು ರೆಜಿಮಾಂ’, ‘ಲೆ ಮಾರ್ತಿರ್’, ‘ಲಾ ಫಾವೊರಿತ್’ ಒಂದರ ಹಿಂದೊಂದು ರಂಗಕ್ಕೆ ಬಂದವು. ಪ್ಯಾರಿಸ್ಸಿನ ರಂಗಮಂದಿರಗಳನ್ನೆಲ್ಲ ಈ ಇಟಲಿಯವನೇ ಗೆದ್ದುಕೊಂಡಿದ್ದಾನೆ ಎಂದು ಫ್ರೆಂಚ್ ಸಂಗೀತಕಾರ ಬೆರ್ಲಿಯೋಜ್ ಪತ್ರಿಕೆಯಲ್ಲಿ ಗೊಣಗಿದ. 1843ರ ಜನವರಿ 3ರಂದು ‘ದೊನ್ ಪಾಸ್ಕ್ವಾಲೆ’ ಬಂದಿತು. ಅಷ್ಟು ಹೊತ್ತಿಗೆ ಸಿಫಿಲಿಸ್ ರೋಗ ಮಿದುಳಿಗೇರುತ್ತಿತ್ತು. 1846ರಲ್ಲಿ ಪ್ಯಾರಿಸ್ ಬಳಿಯ ಇವ್ರಿಯ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮರುವರ್ಷದ ಆಗಸ್ಟ್‌ನಲ್ಲಿ ತೆಗೆದ ಒಂದು ಛಾಯಾಚಿತ್ರ ಉಳಿದಿದೆ: ಪಕ್ಕದಲ್ಲಿ ಅಣ್ಣನ ಮಗ ಆಂದ್ರೆಯಾ, ಕುರ್ಚಿಯಲ್ಲಿ ತಲೆ ಎದೆಗೆ ಜೋತುಬಿದ್ದ ಡೊನಿಜೆಟ್ಟಿ. 1848ರ ಏಪ್ರಿಲ್ 8ರಂದು ಹುಟ್ಟೂರಿನಲ್ಲೇ ಪ್ರಾಣಬಿಟ್ಟ.

ಎಪ್ಪತ್ತರಲ್ಲಿ ನಾಲ್ಕೈದು

ವೆರ್ದಿ, ವಾಗ್ನರ್, ಆಮೇಲೆ ಪುಚ್ಚೀನಿ ಬಂದ ಮೇಲೆ ಡೊನಿಜೆಟ್ಟಿ ಹಳಬನಾದ. ಇಪ್ಪತ್ತನೇ ಶತಮಾನ ಕಾಲಿಡುವಾಗ ‘ಲುಚಿಯಾ’, ‘ಲೆಲಿಸಿರ್’, ‘ದೊನ್ ಪಾಸ್ಕ್ವಾಲೆ’, ‘ಲಾ ಫಾವೊರಿತ್’ ಬಿಟ್ಟರೆ ಹೆಚ್ಚಿನವು ಗ್ರಂಥಭಂಡಾರದ ಪಾಲು. ಉಳಿದವನ್ನೂ ಗ್ರಾಮಫೋನ್ ತುಂಡರಿಸಿತು. ತಟ್ಟೆಯ ಒಂದು ಬದಿಗೆ ಹಿಡಿಸುವುದು ಹೆಚ್ಚೆಂದರೆ ನಾಲ್ಕೂವರೆ ನಿಮಿಷ. ಅಷ್ಟರಲ್ಲಿ ಮುಗಿಯುವ ಏರಿಯಾಗಳಿಗೆ ಗಿರಾಕಿ, ಅವನ್ನು ಹೊತ್ತು ತರುವ ದೃಶ್ಯಕ್ಕೆ ಇಲ್ಲ. 1908ರಲ್ಲಿ ಕರೂಸೊ, ಮಾರ್ಚೆಲ್ಲಾ ಸೆಂಬ್ರಿಕ್ ಮುಂತಾದ ಆರು ಮಂದಿ ಹಾಡಿದ ‘ಲುಚಿಯಾ’ದ ಷಟ್ಕಗೀತೆಯನ್ನು ವಿಕ್ಟರ್ ಕಂಪನಿ ಒಂದು ತಟ್ಟೆಗೆ ಏಳು ಡಾಲರಿನಂತೆ ಮಾರಿತು. ಆರು ಕಂಠಗಳು ಏಕೆ ಒಟ್ಟಾದವು, ಅದಕ್ಕೂ ಹಿಂದೆ ಏನು ನಡೆಯಿತು ಎಂಬುದು ಕೊಂಡವರಿಗೆ ತಿಳಿಯಬೇಕಿರಲಿಲ್ಲ.

1925ರ ಹೊತ್ತಿಗೆ ಮೈಕ್ರೋಫೋನ್ ಬಂದು ವಾದ್ಯವೃಂದವೂ ಸರಿಯಾಗಿ ಕೇಳತೊಡಗಿದ ಮೇಲೆ ಇಡೀ ಒಪೆರಾ ಮುದ್ರಿಸುವ ಧೈರ್ಯ ಬಂದಿತು. 1932ರಲ್ಲಿ ಮಿಲಾನಿನ ಲಾ ಸ್ಕಾಲಾ ವೃಂದದೊಂದಿಗೆ ತೀತೊ ಸ್ಕೀಪಾ ಹಾಡಿದ ‘ದೊನ್ ಪಾಸ್ಕ್ವಾಲೆ’ ಇಂದಿಗೂ ಹಳಸಿಲ್ಲ. ಸ್ಕೀಪಾರದು ದೊಡ್ಡ ಕಂಠವಲ್ಲ. ಮಾತನ್ನು ಮೆತ್ತಗೆ ಸ್ವರದ ಮೇಲಿಡುವ ಅವರ ಕ್ರಮ ಡೊನಿಜೆಟ್ಟಿಯ ಹಾಸ್ಯಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಎರಡು ಗಂಟೆಯ ಒಪೆರಾಕ್ಕೆ ನಾಲ್ಕು ನಿಮಿಷದ ಲೆಕ್ಕ ಹಾಕಿದರೆ ಮೂವತ್ತು ಬದಿ, ಹದಿನೈದು ತಟ್ಟೆ. ಇಷ್ಟು ಹಣ ತೆತ್ತು ಕೊಳ್ಳುವವರು ಕಡಿಮೆ. 1948ರಲ್ಲಿ ಹೆಚ್ಚು ಹೊತ್ತು ಓಡುವ ಎಲ್‌ಪಿ ತಟ್ಟೆ ಬಂದ ಮೇಲೆಯೇ ಪೂರ್ಣ ಒಪೆರಾ ಸಾಮಾನ್ಯ ಕೇಳುಗರ ಮನೆ ಹೊಕ್ಕಿತು.

ರಾಣಿಯರು ಮರಳಿದರು

ಎಲ್‌ಪಿ ಯುಗದ ತಿರುವು ಗಾಯಕಿ ಮಾರಿಯಾ ಕಲ್ಲಾಸ್. 1953ರಲ್ಲಿ ಫ್ಲಾರೆನ್ಸ್‌ನಲ್ಲಿ ತೂಲಿಯೊ ಸೆರಾಫಿನ್ ನಿರ್ದೇಶನದಲ್ಲಿ ಅವರು ಮುದ್ರಿಸಿದ ‘ಲುಚಿಯಾ’ ಕೇಳಿದವರಿಗೆ, ಈ ಪಾತ್ರ ಇಂಪಾಗಿ ಚಿಲಿಪಿಲಿಗುಟ್ಟುವ ಕಂಠಗಳ ಕಸರತ್ತಲ್ಲ, ದುರಂತ ನಾಟಕ ಎಂಬುದು ಮನವರಿಕೆಯಾಯಿತು. 1957ರ ಏಪ್ರಿಲ್‌ನಲ್ಲಿ ಲಾ ಸ್ಕಾಲಾದಲ್ಲಿ ಲುಕೀನೊ ವಿಸ್ಕೊಂತಿ ರಂಗಕ್ಕೆ ತಂದ ‘ಆನ್ನಾ ಬೊಲೇನಾ’ದಲ್ಲಿ ಕಲ್ಲಾಸ್ ರಾಣಿಯಾದರು. ಬೆರ್ಗಮೊ ಹಿಂದಿನ ವರ್ಷವೇ ಈ ಒಪೆರಾದ ಧೂಳು ಕೊಡವಿತ್ತು. ಜಗತ್ತು ತಿರುಗಿ ನೋಡಿದ್ದು ಕಲ್ಲಾಸ್ ಹಾಡಿದಾಗ. ಆ ಪ್ರದರ್ಶನದ ಟೇಪು ಮೊದಲು ಕದ್ದುಮುಚ್ಚಿ ಕೈಯಿಂದ ಕೈಗೆ ಹೋಗಿ, ಎಷ್ಟೋ ಕಾಲದ ಮೇಲೆ ಅಧಿಕೃತವಾಗಿ ಮಾರಾಟಕ್ಕೆ ಬಂದಿತು.

ಈ ಕಳ್ಳ ಟೇಪುಗಳ ಪಾತ್ರ ಸಣ್ಣದಲ್ಲ. ತುರ್ಕಿಯ ಸೊಪ್ರಾನೊ ಲೇಲಾ ಗೆಂಚೆರ್ 1964ರಲ್ಲಿ ನೇಪಲ್ಸ್‌ನಲ್ಲಿ ‘ರೊಬೆರ್ತೊ ದೆವೆರೇ’, ಆಮೇಲೆ ‘ಲುಕ್ರೇತ್ಸಿಯಾ ಬೊರ್ಜಾ’, ‘ಮಾರಿಯಾ ಸ್ತುವಾರ್ದಾ’, ‘ಕತೆರೀನಾ ಕೊರ್ನಾರೊ’ಗಳಿಗೆ ಜೀವ ತುಂಬಿದರು. ದೊಡ್ಡ ಕಂಪನಿಗಳು ಅವರನ್ನು ಸ್ಟುಡಿಯೊಗೆ ಕರೆಯಲಿಲ್ಲ. ಸಭಾಂಗಣದಲ್ಲಿ ಯಾರೋ ಅಡಗಿಸಿಟ್ಟ ಯಂತ್ರಗಳೂ ರೇಡಿಯೊ ಪ್ರಸಾರಗಳೂ ಅವರ ಕಂಠ ಉಳಿಸಿದವು. ‘ಕಳ್ಳ ಮುದ್ರಿಕೆಗಳ ರಾಣಿ’ ಎಂಬ ಬಿರುದೂ ದಕ್ಕಿತು.

ಸ್ಪೇನಿನ ಮೊನ್ಸೆರ‍್ರಾತ್ ಕಬಯೇ ಅವರ ಅದೃಷ್ಟ ಒಂದೇ ರಾತ್ರಿಯಲ್ಲಿ ತೆರೆಯಿತು. 1965ರ ಏಪ್ರಿಲ್ 20ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ‘ಲುಕ್ರೇತ್ಸಿಯಾ’ ಹಾಡಬೇಕಿದ್ದ ಮೆರಿಲಿನ್ ಹಾರ್ನ್ ಗರ್ಭಿಣಿಯಾಗಿ ಹಿಂದೆ ಸರಿದಾಗ ಬದಲಿಯಾಗಿ ಬಂದವರು ಇವರು. ಬಳಿಕ ಆರ್‌ಸಿಎ ಕಂಪನಿ ಇಡೀ ಒಪೆರಾವನ್ನು ಅವರಿಂದಲೇ ಮುದ್ರಿಸಿತು. ಅಮೆರಿಕದ ಬೆವರ್ಲಿ ಸಿಲ್ಸ್ 1969ರಿಂದ 1972ರೊಳಗೆ ‘ದೆವೆರೇ’, ‘ಸ್ತುವಾರ್ದಾ’, ‘ಬೊಲೇನಾ’ ಮೂರನ್ನೂ ಸ್ಟುಡಿಯೊದಲ್ಲಿ ಹಾಡಿ ಮುಗಿಸಿದರು. ಆಸ್ಟ್ರೇಲಿಯದ ಜೋನ್ ಸದರ್ಲೆಂಡ್ 1967ರಲ್ಲಿ ‘ಲಾ ಫೀಯ್ ದ್ಯು ರೆಜಿಮಾಂ’ ಮುದ್ರಿಸುವಾಗ ಜೊತೆಗಿದ್ದ ತರುಣ ಲೂಚಾನೊ ಪವರೊತ್ತಿ. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಮಂದಿರದಲ್ಲಿ ಅದೇ ಒಪೆರಾದ ಒಂಬತ್ತು ತಾರಕ ‘ಸಿ’ ಸ್ವರಗಳನ್ನು ನಿರಾಯಾಸವಾಗಿ ಮುಟ್ಟಿ ಅವರು ಮನೆಮಾತಾದರು. ಸತ್ತು ಹೋದವೆಂದು ತಿಳಿದಿದ್ದ ಒಪೆರಾಗಳು ಹದಿನೈದೇ ವರ್ಷದಲ್ಲಿ ಅಂಗಡಿಯ ಕಪಾಟಿಗೆ ಬಂದವು.

ಒಂದು ದೃಶ್ಯ, ಹಲವು ಲುಚಿಯಾ

ಧ್ವನಿಮುದ್ರಣ ಬರೀ ಉಳಿಸುವುದಿಲ್ಲ, ಕೃತಿ ಹೀಗೇ ಇದೆ ಎಂದು ನಂಬಿಸುತ್ತದೆ ಕೂಡ. ‘ಲುಚಿಯಾ’ದ ಹುಚ್ಚಿನ ದೃಶ್ಯವನ್ನೇ ನೋಡಿ. ಬಲವಂತದ ಮದುವೆಯ ರಾತ್ರಿ ಗಂಡನನ್ನು ಇರಿದು ಕೊಂದ ಲುಚಿಯಾ ಅತಿಥಿಗಳ ನಡುವೆ ಬಂದು, ತನ್ನ ಪ್ರಿಯನೊಂದಿಗೆ ಮದುವೆಯಾಗುತ್ತಿರುವ ಭ್ರಮೆಯಲ್ಲಿ ಹಾಡುತ್ತಾಳೆ. ಕೊನೆಗೆ ವಾದ್ಯವೃಂದ ಸುಮ್ಮನಾಗಿ, ಅವಳ ಕಂಠವೂ ಒಂದು ಕೊಳಲೂ ಜಿದ್ದಿಗೆ ಬಿದ್ದಂತೆ ಸ್ವರ ಪೋಣಿಸುವ ಭಾಗ ಎಲ್ಲರಿಗೂ ಅಚ್ಚುಮೆಚ್ಚು. ಡೊನಿಜೆಟ್ಟಿ ಅದನ್ನು ಬರೆದಿರಲೇ ಇಲ್ಲ! ಒಪೆರಾ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ, ಪ್ಯಾರಿಸ್ಸಿನ ಗಾನಗುರು ಮಥಿಲ್ಡೆ ಮಾರ್ಕೇಸಿ ತಮ್ಮ ಶಿಷ್ಯೆ ನೆಲ್ಲಿ ಮೆಲ್ಬಾ ಅವರಿಗಾಗಿ ಅದನ್ನು ಹೆಣೆದರೆಂಬುದು ಸಂಶೋಧಕರ ಅಭಿಪ್ರಾಯ. 1904ರಲ್ಲಿ ಮೆಲ್ಬಾ ಈ ದೃಶ್ಯವನ್ನು ತಟ್ಟೆಗೆ ಹಾಡಿದರು. ಬಳಿಕ ಬಂದವರೆಲ್ಲ ಹಾಡಿದರು. ಕೇಳುಗರ ಪಾಲಿಗೆ ಅದೇ ‘ಲುಚಿಯಾ’ ಆಯಿತು.

ಡೊನಿಜೆಟ್ಟಿ ಮೊದಲು ಬರೆದದ್ದು ಕೊಳಲಿಗೂ ಅಲ್ಲ, ಗ್ಲಾಸ್ ಹಾರ್ಮೋನಿಕಕ್ಕೆ. ತಿರುಗುವ ಗಾಜಿನ ಬಟ್ಟಲುಗಳ ಅಂಚನ್ನು ಒದ್ದೆ ಬೆರಳಿನಿಂದ ತೀಡಿ ನುಡಿಸುವ ವಾದ್ಯ ಅದು. ಮೊದಲ ಪ್ರದರ್ಶನಕ್ಕೆ ಮುನ್ನ ಅದನ್ನು ಕೈಬಿಟ್ಟು ಆ ಜಾಗದಲ್ಲಿ ಕೊಳಲು ಹಾಕಬೇಕಾಯಿತು. 1970ರ ಮುದ್ರಣದಲ್ಲಿ ಸಿಲ್ಸ್ ಆ ಗಾಜಿನ ದನಿಯನ್ನು ಮರಳಿ ತಂದರು. ಕೊಳಲು ಲುಚಿಯಾಳಿಗೆ ಜೊತೆಗಾರನಂತೆ ಕೇಳಿದರೆ, ಗಾಜಿನ ದನಿ ಅವಳ ತಲೆಯೊಳಗಿಂದಲೇ ಬಂದಂತಿದೆ. 1976ರಲ್ಲಿ ಹೆಸೂಸ್ ಲೋಪೆಸ್ ಕೋಬೋಸ್ ನಿರ್ದೇಶನದಲ್ಲಿ ಕಬಯೇ ಹಾಡಿದ ಮುದ್ರಣ ಸೇರ್ಪಡೆಗಳನ್ನು ಕಿತ್ತು ಮೂಲ ಹಸ್ತಪ್ರತಿಗೆ ಮರಳಿತು. ಅಲ್ಲಿ ಪಟಾಕಿಯಿಲ್ಲ, ಹುಚ್ಚು ಮಾತ್ರ ಇದೆ.

ಹಸ್ತಪ್ರತಿಯ ಕಡೆಗೆ

1970ರಲ್ಲಿ ಪ್ಯಾಟ್ರಿಕ್ ಶ್ಮಿಡ್ ಮತ್ತು ಡಾನ್ ವೈಟ್ ಲಂಡನ್ನಿನಲ್ಲಿ ಕಟ್ಟಿದ ‘ಒಪೆರಾ ರಾರಾ’ ಸಂಸ್ಥೆ ತಾರೆಯರಿಗಿಂತ ಕೃತಿಯನ್ನು ಮುಂದಿಟ್ಟಿತು. 1977ರ ‘ಊಗೊ, ಕೊಂತೆ ದಿ ಪಾರೀಜಿ’ಯಿಂದ ಮೊದಲಾಗಿ ‘ಮಾರಿಯಾ ಪಾದಿಲ್ಲಾ’, ‘ಲಸ್ಸೇದಿಯೊ ದಿ ಕಲೇ’, ರೆನೇ ಫ್ಲೆಮಿಂಗ್ ಹಾಡಿದ ‘ರೊಸ್ಮೊಂದಾ ದಿಂಗಿಲ್ತೆರ‍್ರಾ’, ಮಾರ್ಕ್ ಎಲ್ಡರ್ ನಿರ್ದೇಶಿಸಿದ ‘ಲೆ ಮಾರ್ತಿರ್’ ಹೀಗೆ ಸಾಲು ಬೆಳೆಯಿತು. ಅತ್ತ ಸ್ಟಾಕ್‌ಹೋಮಿನಲ್ಲಿ ‘ಮಾರಿಯಾ ಸ್ತುವಾರ್ದಾ’ದ ಮೂಲ ಹಸ್ತಪ್ರತಿ ಸಿಕ್ಕಿತು, ರಿಕೊರ್ದಿ ಪ್ರಕಾಶನ ಬೆರ್ಗಮೊ ನಗರದೊಡನೆ ಸೇರಿ ಪರಿಷ್ಕೃತ ಆವೃತ್ತಿಗಳನ್ನು ತರತೊಡಗಿತು.

ಇದರ ಫಲ ನೋಡಬೇಕಾದರೆ ‘ಲಾಂಜ್ ದ ನಿಸಿದಾ’ ಸಾಕು. 1839ರಲ್ಲಿ ಬರೆದ ಈ ಒಪೆರಾ ಪ್ಯಾರಿಸ್ಸಿನ ನಾಟಕ ಕಂಪನಿ ದಿವಾಳಿಯೆದ್ದು ಆಡದೆ ಉಳಿದು, ಅದರ ಸಾಕಷ್ಟು ಭಾಗ ‘ಲಾ ಫಾವೊರಿತ್’ಗೆ ಹೋಗಿತ್ತು. ಚದುರಿದ ಹಾಳೆಗಳನ್ನು ಸಂಶೋಧಕಿ ಕಾಂದಿದಾ ಮಂತಿಕಾ ಜೋಡಿಸಿದರು. 2018ರ ಜುಲೈನಲ್ಲಿ ಲಂಡನ್ನಿನಲ್ಲಿ ಅದು ಮೊದಲ ಬಾರಿಗೆ ಕೇಳಿಸಿತು, ಮರುವರ್ಷ ಸಿ.ಡಿ.ಯಾಗಿ ಬಂದಿತು. ಬೆರ್ಗಮೊದ ಡೊನಿಜೆಟ್ಟಿ ಉತ್ಸವ ಇನ್ನೂರು ವರ್ಷ ತುಂಬಿದ ಒಪೆರಾಗಳನ್ನು ವರ್ಷವರ್ಷವೂ ಆಡಿಸಿ ಮುದ್ರಿಸುತ್ತಿದೆ. ಒಪೆರಾ ರಾರಾ ಈಗ ಅವನ ಬಿಡಿ ಹಾಡುಗಳನ್ನೆಲ್ಲ ಸರಣಿಯಾಗಿ ತರುತ್ತಿದೆ.

ಹಾಗೆಂದು ಎಪ್ಪತ್ತೂ ಮೇರುಕೃತಿಗಳಲ್ಲ. ಗಡುವಿಗೆ ಹೆದರಿ ಬರೆದ ಪುಟಗಳು, ಒಂದು ಒಪೆರಾದಿಂದ ಇನ್ನೊಂದಕ್ಕೆ ಎತ್ತಿಟ್ಟ ರಾಗಗಳು ಎಷ್ಟೋ. ಅಪರೂಪದ ಹಲವಕ್ಕೆ ಇರುವುದು ಒಂದೋ ಎರಡೋ ಮುದ್ರಣ. ಹಾಡಿದವರ ದೌರ್ಬಲ್ಯ ಕೃತಿಯ ತಲೆಗೆ ಅಂಟುವ ಅಪಾಯವಿದೆ. ಆದರೆ ಅವಸರದ ಕಸುಬುದಾರ ಎಂಬ ಹಳೆಯ ತೀರ್ಪು ಇನ್ನು ನಿಲ್ಲದು. ‘ದೆವೆರೇ’ಯ ಕೊನೆಯಲ್ಲಿ ಕಿರೀಟವೇ ಬೇಡವೆನ್ನುವ ಮುದುಕಿ ಎಲಿಜಬೆತ್ ರಾಣಿಯನ್ನು ಕೇಳಿದವರು ವೆರ್ದಿ ಎಲ್ಲಿಂದ ಬಂದನೆಂದು ಬಲ್ಲರು.

ಹೊಸದಾಗಿ ಕೇಳುವವರು ಸದರ್ಲೆಂಡ್ ಮತ್ತು ಪವರೊತ್ತಿಯವರ 1970ರ ‘ಲೆಲಿಸಿರ್’ನಿಂದ ತೊಡಗಲಿ. ಆಮೇಲೆ ಕಲ್ಲಾಸ್‌ರ 1953ರ ‘ಲುಚಿಯಾ’, ಅದರ ಬೆನ್ನಿಗೇ ಸಿಲ್ಸ್‌ರದು, ನಂತರ ‘ದೆವೆರೇ’. ಇವೆಲ್ಲ ಇಂದು ಫೋನಿನಲ್ಲೇ ಸಿಗುತ್ತವೆ. ಕರೂಸೊ ಹಾಡಿದ ಆ ಎರಡೂ ಚಿಲ್ಲರೆ ನಿಮಿಷದ ತುಣುಕನ್ನೂ ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಇಡೀ ಒಪೆರಾ ಹಾಕಿ, ಹಾಡಿನ ಸಾಹಿತ್ಯದ ಅನುವಾದವನ್ನು ಕೈಯಲ್ಲಿ ಹಿಡಿದು, ಒಮ್ಮೆ ಪೂರ್ತಿಯಾಗಿ ಕೇಳಿ.