ಮೊದಲು ದಣಿಯುವುದು ಕಾಲೋ, ತಲೆಯೋ?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಟುರಿನ್ ವಿಶ್ವವಿದ್ಯಾಲಯದಲ್ಲಿ ಒಂದು ವಿಚಿತ್ರ ಪರೀಕ್ಷೆ ನಡೆಯಿತು. ಅದಕ್ಕೆ ಒಳಗಾದವರು ವಿದ್ಯಾರ್ಥಿಗಳಲ್ಲ, ಅವರನ್ನು ಪರೀಕ್ಷಿಸುವ ಅಧ್ಯಾಪಕರು. ಮೌಖಿಕ ಪರೀಕ್ಷೆಗೆ ಕೂರುವ ಮೊದಲೊಮ್ಮೆ, ಅದನ್ನು ಮುಗಿಸಿದ ಮೇಲೊಮ್ಮೆ ಅವರು ಒಂದು ಯಂತ್ರದಲ್ಲಿ ಕೈಯಿಡಬೇಕಿತ್ತು. ಮುಂಗೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ತೂಕ ಇಳಿಬಿಡುತ್ತಿದ್ದರು. ಬೆರಳು ಮಡಚಿದಾಗಲೆಲ್ಲ ತೂಕ ಮೇಲೇಳುತ್ತಿತ್ತು. ಎಷ್ಟು ಎತ್ತರಕ್ಕೆ ಎದ್ದಿತು ಎಂಬುದು ಗೆರೆಗಳಾಗಿ ಕಾಗದದ ಮೇಲೆ ಮೂಡುತ್ತಿತ್ತು. ಬೆರಳು ಸೋತು ನಿಲ್ಲುವವರೆಗೂ ಇದೇ ಕೆಲಸ.

ಆ ಯಂತ್ರದ ಹೆಸರು ಎರ್ಗೋಗ್ರಾಫ್. ಅದನ್ನು ರೂಪಿಸಿದವರು ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ, ಬಡಗಿಯೊಬ್ಬರ ಮಗ. ಅವರ ಸಹೋದ್ಯೋಗಿ ಮಜೋರಾ ಗಂಟೆಗಟ್ಟಲೆ ಪ್ರಶ್ನೆ ಕೇಳಿ ಬಂದು ಕೈಯಿಟ್ಟಾಗ, ಬೆರಳು ಮೊದಲಿಗಿಂತ ಬಹಳ ಬೇಗ ಸೋತಿತು. ಅವರು ಭಾರ ಹೊತ್ತಿರಲಿಲ್ಲ, ಓಡಿರಲಿಲ್ಲ; ಕುಳಿತು ಕೇಳಿದ್ದರು, ಯೋಚಿಸಿದ್ದರು, ಅಷ್ಟೆ. ಮಿದುಳಿನ ದಣಿವು ಸ್ನಾಯುವಿನವರೆಗೂ ಇಳಿಯುತ್ತದೆ ಎಂದು ಮೊಸ್ಸೊ 1891ರಲ್ಲಿ ದಣಿವಿನ ಕುರಿತೇ ಬರೆದ ಪುಸ್ತಕದಲ್ಲಿ ವಾದಿಸಿದರು.

ಮುಂದಿನ ಶತಮಾನ ಈ ಮಾತನ್ನು ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ನಾಯುಗಳ ಶಾಖದ ಅಧ್ಯಯನಕ್ಕೆ 1922ರ ನೊಬೆಲ್ ಪಡೆದ ಇಂಗ್ಲೆಂಡಿನ ಎ. ವಿ. ಹಿಲ್, ಓಟಗಾರರ ಉಸಿರನ್ನು ಅಳೆದರು. ಆಮ್ಲಜನಕ, ಲ್ಯಾಕ್ಟಿಕ್ ಆಮ್ಲ, ಹೃದಯದ ಸಾಮರ್ಥ್ಯ, ಇವೇ ದೂರದ ಓಟದ ಭಾಷೆಯಾದವು. ತಲೆಗಿಂತ ಎದೆ, ಕಾಲುಗಳನ್ನು ಅಳೆಯುವುದು ಸುಲಭವೂ ಆಗಿತ್ತು.

ಮೊಸ್ಸೊ ಕೇಳಿದ ಪ್ರಶ್ನೆಗೆ ಮತ್ತೆ ಜೀವ ಬಂದದ್ದು 2009ರಲ್ಲಿ, ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿದ್ದ ಸಂಶೋಧಕ ಸಮುಯೆಲೆ ಮಾರ್ಕೋರಾ ಕೂಡ ಇಟಲಿಯವರೇ. ಅವರು 16 ಜನರನ್ನು ಒಂದು ದಿನ 90 ನಿಮಿಷ ಕಂಪ್ಯೂಟರಿನ ಮುಂದೆ ಕೂರಿಸಿ, ತೆರೆಯ ಮೇಲೆ ಸರಿಯುವ ಅಕ್ಷರಗಳನ್ನು ಗಮನಿಸಿ ಗುಂಡಿ ಒತ್ತುವ ಕೆಲಸ ಕೊಟ್ಟರು. ಇನ್ನೊಂದು ದಿನ ಅವರೇ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಿದರು. ಎರಡೂ ದಿನ ಕೊನೆಗೆ ಸೈಕಲ್ ಯಂತ್ರವನ್ನು ಇನ್ನಾಗದು ಎನ್ನುವವರೆಗೆ ತುಳಿಯಬೇಕು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು, ತಲೆ ದಣಿದ ದಿನ 640ಕ್ಕೇ ನಿಲ್ಲಿಸಿದರು.

ಕುತೂಹಲದ ಸಂಗತಿ ಇನ್ನೊಂದಿದೆ. ಹೃದಯವಾಗಲಿ ರಕ್ತದ ಲ್ಯಾಕ್ಟೇಟ್ ಆಗಲಿ ಈ ವ್ಯತ್ಯಾಸವನ್ನು ವಿವರಿಸಲಿಲ್ಲ. ಗೆಲ್ಲುವ ಆಸೆಯೂ ಕುಗ್ಗಿರಲಿಲ್ಲ. ಬದಲಾದದ್ದು ಒಂದೇ: ಅದೇ ಭಾರ ಮೊದಲಿನಿಂದಲೇ ಹೆಚ್ಚು ಕಷ್ಟ ಅನ್ನಿಸಿತ್ತು.

ನಂತರದ ಪ್ರಯೋಗಗಳಲ್ಲಿ ಪರಿಣಾಮ ಎಲ್ಲೆಡೆ ಇಷ್ಟೇ ದೊಡ್ಡದಾಗಿ ಕಂಡಿಲ್ಲ. ಅದರ ಬಗ್ಗೆ ವಾದ ನಡೆದೇ ಇದೆ. ಒಂದೇ ಏಟಿಗೆ ಪೂರ್ತಿ ಬಲ ಹಾಕುವ ಕೆಲಸಕ್ಕೆ ದಣಿದ ತಲೆ ಅಷ್ಟಾಗಿ ಅಡ್ಡ ಬಾರದು. ಆದರೆ ದೂರದ ಓಟ ಒಂದು ಏಟಿನ ಕೆಲಸವಲ್ಲ. ಇನ್ನೊಂದು ಹೆಜ್ಜೆ ಇಡಲೇ ಎಂಬ ಪ್ರಶ್ನೆಗೆ ಸಾವಿರಾರು ಸಲ ಹೌದು ಎನ್ನಬೇಕು. ಹಾಗೆ ಹೇಳಬೇಕಾದದ್ದು ತಲೆಯೇ.

ದಿನವಿಡೀ ಲೆಕ್ಕಪತ್ರ ನೋಡಿ ಸಂಜೆ ಮೈದಾನಕ್ಕಿಳಿದವರಿಗೆ ಕಾಲು ಏಳದಿದ್ದರೆ ನಾವು ಸೋಮಾರಿತನ ಎಂದುಬಿಡುತ್ತೇವೆ. ಅವರೂ ತಮ್ಮನ್ನು ಹಾಗೆಯೇ ಬೈದುಕೊಳ್ಳುತ್ತಾರೆ. ಆದರೆ ಆ ದಣಿವು ನೆಪವಲ್ಲ, ನಿಜ ಎನ್ನುವುದಕ್ಕೆ ಟುರಿನ್ನಿನ ಅಧ್ಯಾಪಕರೊಬ್ಬರ ನಡುಬೆರಳು ನೂರು ವರ್ಷಕ್ಕೂ ಹಿಂದೆಯೇ ಸಾಕ್ಷಿ ನುಡಿದಿತ್ತು.